ಜಗದೇವಿಗೊಂದು ಗೋಡೆ

ಕೊರೊನಾ ಕಾಲ ಕಳೆದು, ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಅಂಗಡಿಗಳ ಶಟರುಗಳು ಮತ್ತೆ ಪೂರ್ತಿ ಮೇಲೆದ್ದ ವರ್ಷ ಅದು. ಸರ್ಕಾರಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿಯಾಗಿ ನಿವೃತ್ತಳಾದ ನಾನು, ಒಂದು ಲಾಡ್ಜಿನ ಪಕ್ಕದ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಸ್ಟುಡಿಯೋ ತೆರೆದಿದ್ದೆ. ಒಂದು ಕೋಣೆ ಕೆಲಸಕ್ಕೆ, ಇನ್ನೊಂದು ಮಾರಾಟದ ಚಿತ್ರಗಳಿಗೆ. ಕೆಳಗೆ ಖಾಜಾಭಾಯಿಯ ಫ್ರೇಮಿನ ಅಂಗಡಿ. ನನ್ನ ಚಿತ್ರಗಳಿಗೆ ಚೌಕಟ್ಟು ಹಾಕುವವರು ಅವರೇ, ಗಿರಾಕಿಗಳನ್ನು ಮೆಟ್ಟಿಲು ಹತ್ತಿಸಿ ಕಳಿಸುವವರೂ ಅವರೇ.

ನಾನು ಮಾಡುವುದು ಫಿಗರೇಟಿವ್ ಪೇಂಟಿಂಗ್, ಅಂದರೆ ಮನುಷ್ಯರ ಆಕೃತಿಯನ್ನು ಗುರುತು ಸಿಗುವಂತೆ ಬಿಡಿಸುವ ಚಿತ್ರ. ಮನೆಗೆ ಇಂಥ ಚಿತ್ರ ಆರಿಸುವುದು ಹೂವಿನ ಚಿತ್ರವನ್ನೋ ಬೆಟ್ಟದ ಚಿತ್ರವನ್ನೋ ಆರಿಸಿದಂತಲ್ಲ. ಹೂವು ನಮ್ಮನ್ನು ನೋಡುವುದಿಲ್ಲ. ಆಕೃತಿಯ ಚಿತ್ರ ತಂದರೆ ಮನೆಗೆ ಇನ್ನೊಬ್ಬರನ್ನು ಕರೆತಂದ ಹಾಗೆ. ಅದಕ್ಕೇ ಗಿರಾಕಿಗಳೊಡನೆ ಬಣ್ಣದ ಮಾತು ಎತ್ತುವ ಮೊದಲು ಆ ಗೋಡೆಯ ಎದುರು ಯಾರು ಕೂಡುತ್ತಾರೆ, ಎಷ್ಟು ಹೊತ್ತು ಕೂಡುತ್ತಾರೆ, ಇಳಿಹೊತ್ತಿನ ಬಿಸಿಲು ಬೀಳುತ್ತದೆಯೇ ಎಂದು ಕೇಳುತ್ತಿದ್ದೆ. ಬಹಳ ಮಂದಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತಿತ್ತು.

ಒಂದು ಭಾನುವಾರ ಕಮಲಾಪುರದಿಂದ ಗಂಡಹೆಂಡತಿ ಬಂದರು. ಗಂಡ ಮಲ್ಲಿಕಾರ್ಜುನನಿಗೆ ಅಲ್ಲಿ ಬೀಜ, ಗೊಬ್ಬರದ ಅಂಗಡಿ. ಹೆದ್ದಾರಿಯ ಪಕ್ಕದಲ್ಲಿ ಹೊಸ ಮನೆ ಕಟ್ಟಿಸಿದ್ದ. ಬಣ್ಣದ ಕೆಲಸ ನಡೆದಿತ್ತು, ಹಾಲಿನ ದೊಡ್ಡ ಗೋಡೆಗೆ ಒಂದು ಚಿತ್ರ ಬೇಕಾಗಿತ್ತು. ಹೆಂಡತಿ ಜಗದೇವಿಗೆ ಇಪ್ಪತ್ತೇಳು, ಇಪ್ಪತ್ತೆಂಟು ವಯಸ್ಸಿರಬಹುದು. ಸಣಕಲು ಮೈ, ಎಣ್ಣೆಗಪ್ಪು ಬಣ್ಣ, ಎಡಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಸಣ್ಣ ಗಾಯದ ಗೆರೆ. ಗಂಡ ದೊಡ್ಡ ಚಿತ್ರಗಳ ಅಳತೆ ಕೇಳುತ್ತಾ ನಡೆದರೆ, ಆಕೆ ಮೂಲೆಯ ಒಂದು ಚಿತ್ರದ ಮುಂದೆಯೇ ನಿಂತುಬಿಟ್ಟಳು. ಹೊಸ್ತಿಲ ಮೇಲೆ ಇಬ್ಬರು ಹೆಂಗಸರು ಕುಳಿತಿದ್ದಾರೆ, ಒಬ್ಬಳು ಇನ್ನೊಬ್ಬಳ ತಲೆ ನೋಡುತ್ತಿದ್ದಾಳೆ, ಅಷ್ಟೇ.

"ಇದು ಒಯ್ಯೋಣ್ರಿ," ಅಂದಳು.

ಗಂಡ ನಕ್ಕ. "ಹೇನು ಆರಸೂದನ್ನ ಹಾಲಿನ್ಯಾಗ ಹಾಕ್ತಾರೇನ? ಬಂದವರು ಏನಂದಾರು?"

"ಹೇನಲ್ಲರಿ. ಅವರು ಮಾತಾಡಾಕತ್ತಾರ. ಮುಂದ ಕೂತಾಕಿ ಬಾಯಿ ನೋಡ್ರಿ, ಈಗಷ್ಟ ಏನೋ ಅಂದಾಳ."

ಆ ಚಿತ್ರವನ್ನು ನಾನು ಬಿಡಿಸಿ ಎಷ್ಟೋ ಕಾಲವಾಗಿತ್ತು. ಆ ತುಸು ತೆರೆದ ಬಾಯನ್ನು ಗಮನಿಸಿದವರು ಅವತ್ತಿನವರೆಗೆ ಯಾರೂ ಇರಲಿಲ್ಲ. ಆದರೆ ಆರಿಸಿದವನು ಮಲ್ಲಿಕಾರ್ಜುನ. ದೀಪ ಹಿಡಿದ, ಜರಿ ಸೀರೆಯ ಹೆಣ್ಣಿನ ಚಿತ್ರವೊಂದಿತ್ತು. ಮಾರಾಟವಾಗಲೆಂದೇ ನಾನು ಬಿಡಿಸುವ ಬಗೆಯದು. ಅದನ್ನು ಎತ್ತಿಕೊಂಡು ಫ್ರೇಮು ನೋಡಲು ಕೆಳಗೆ ಹೋದ. ಜಗದೇವಿ ಬೇಸರ ತೋರಿಸಲಿಲ್ಲ. ಅವನು ಬರುವವರೆಗೆ ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕುಳಿತಳು. ಬೆಳಕು ಒಂದು ಪಕ್ಕದಿಂದ ಬೀಳುತ್ತಿತ್ತು. "ನಿಮ್ಮದೊಂದು ಸ್ಕೆಚ್ ಮಾಡಲೇ?" ಎಂದು ಕೇಳಿದೆ. ನಾಚಿಕೊಂಡಳು, ಒಪ್ಪಿಕೊಂಡಳು. ಹುಬ್ಬಿನ ಗಾಯ ಹೇಗಾಯಿತೆಂದೂ ಹೇಳಿದಳು. ಸಣ್ಣಾಕಿ ಇದ್ದಾಗ ಅಕ್ಕನ ಜೊತೆ ಓಡಾಡುತ್ತಾ ಒಳಕಲ್ಲಿನ ಮೇಲೆ ಬಿದ್ದಿದ್ದಳಂತೆ. ಆ ಅಕ್ಕ ಈಗಿಲ್ಲ ಎಂದಳು. ನಾನು ಮುಂದೆ ಕೇಳಲಿಲ್ಲ. ಪೆನ್ಸಿಲಿನ ಆ ಹಾಳೆಯನ್ನು ಉಳಿದ ಸ್ಕೆಚ್ಚುಗಳ ಜೊತೆ ಇಟ್ಟೆ.

ಮುಂದಿನ ವರ್ಷ ಮಲ್ಲಿಕಾರ್ಜುನ ಮತ್ತೆ ಬಂದ. ಈ ಸಲ ಜೊತೆಗಿದ್ದವರು ಅವನ ತಾಯಿ ಗುರುಬಾಯಿ. ಅವನ ಮುಖ ಇಳಿದುಹೋಗಿತ್ತು. ಮಾತಾಡಿದವರು ತಾಯಿ.

"ನಮ್ಮ ಸೊಸಿ ತೀರಿಕೊಂಡಾಳ್ರಿ ಮೇಡಮ್ಮರ. ಜ್ವರ ಬಂದು ಹೋದಳು. ಆಕಿದು ಒಂದು ದೊಡ್ಡ ಫೋಟೋ, ಕೈಲೆ ತೆಗೆದದ್ದು, ಹಾಲಿನ್ಯಾಗ ಹಾಕಬೇಕಂತ ಮಾಡೇವಿ."

ಭಾವಚಿತ್ರದ ಕೆಲಸ ಒಪ್ಪಿಕೊಳ್ಳುವ ಮೊದಲು ಅದು ಇರುವ ಗೋಡೆಯನ್ನು ನಾನು ನೋಡಿ ಬರುತ್ತೇನೆ. ಬೆಳಕು ಎಡದಿಂದ ಬರುವ ಗೋಡೆಗೆ ಬಲದಿಂದ ಬೆಳಕು ಬಿದ್ದ ಮುಖ ಹಾಕಿದರೆ ಎಷ್ಟೇ ಹೋಲಲಿ, ಸುಳ್ಳೆನಿಸುತ್ತದೆ. ಹಾಗಾಗಿ ಕಮಲಾಪುರಕ್ಕೆ ಬಸ್ಸು ಹತ್ತಿದೆ. ಮನೆ ದೊಡ್ಡದಿತ್ತು, ನೆಲದ ಟೈಲ್ಸು ಕಣ್ಣು ಕುಕ್ಕುತ್ತಿತ್ತು. ದೀಪದ ಹೆಣ್ಣು ಹಾಲಿನಲ್ಲಿ ಎಲ್ಲರಿಗೂ ಕಾಣುವಲ್ಲಿ ತೂಗುತ್ತಿದ್ದಳು. ಗುರುಬಾಯಿ ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ಇಟ್ಟು ಎದುರು ಕುಳಿತು, ಹೇಗಿರಬೇಕೆಂದು ವಿವರಿಸಿದರು. ಬಣ್ಣ ತುಸು ತಿಳಿ ಇರಬೇಕು. ಹುಬ್ಬಿನ ಗಾಯ ಬೇಡ. ಕೊರಳಲ್ಲಿ ಎರಡೆಳೆ ಸರ, ನಡುವಿಗೆ ಡಾಬು, ಕೈತುಂಬ ಬಂಗಾರದ ಬಳೆ. ಮುಖದಲ್ಲಿ ನಗು.

"ಇವೆಲ್ಲ ಅವರ ಒಡವೆಗಳೇನ್ರಿ? ನೋಡಿ ಬಿಡಿಸಬೇಕಾಗುತ್ತದೆ," ಎಂದೆ.

"ಒಡವಿ ಯಾಕ ಬೇಕ್ರಿ ನೋಡಾಕ? ನೀವು ಚಿತ್ರ ತೆಗಿಯೋರು, ನಿಮಗ ಗೊತ್ತಿರ್ತದ."

ಚಿತ್ರ ಬೇಗ ಬೇಕೆಂದರು. ಅವಸರ ಏಕೆಂಬುದೂ ಅಲ್ಲಿಯೇ ತಿಳಿಯಿತು. ಮಲ್ಲಿಕಾರ್ಜುನನಿಗೆ ಬೀದರ ಕಡೆಯ ಒಂದು ಮನೆತನದ ಹುಡುಗಿಯ ಮಾತು ನಡೆದಿತ್ತು. ಅವರು ಮನೆ ನೋಡಲು ಬರುವವರಿದ್ದರು. ಊರಲ್ಲಿ ಮಂದಿ ಏನೇನೋ ಆಡಿಕೊಳ್ಳುತ್ತಿದ್ದರು. "ಈ ಮನ್ಯಾಗ ಸೊಸಿಗೆ ಏನೂ ಕಡಿಮಿ ಇರ್ಲಿಲ್ಲಂತ ಬಂದವರ ಕಣ್ಣಿಗೆ ಕಾಣಬೇಕ್ರಿ," ಎಂದರು ಗುರುಬಾಯಿ. ಮಗ ಬಾಗಿಲ ಹತ್ತಿರ ನಿಂತು ಮೊಬೈಲು ನೋಡುತ್ತಿದ್ದ. ತಲೆ ಎತ್ತಲಿಲ್ಲ.

ಬಿಡಿಸುವುದಾದರೆ ಇದ್ದ ಹಾಗೆ ಬಿಡಿಸುತ್ತೇನೆ, ಒಡವೆಯ ಮಾತು ಆಮೇಲೆ ನೋಡೋಣ ಎಂದು ಹೇಳಿ ಬಂದೆ. ಆಮೇಲೆ ನಾನು ಒಪ್ಪುತ್ತೇನೆಂದು ಅವರು ತಿಳಿದುಕೊಂಡರು. ಮುಖ ನೋಡಿದರೆ ಅವರು ಒಪ್ಪುತ್ತಾರೆಂದು ನಾನು ತಿಳಿದುಕೊಂಡೆ.

ತೀರಿಕೊಂಡವರ ಭಾವಚಿತ್ರಕ್ಕೆ ಫೋಟೋಗಳು ಬೇಕು. ಒಂದೇ ಫೋಟೋ ನಂಬಿ ಬಿಡಿಸಿದರೆ ಅದು ಫೋಟೋದ ಚಿತ್ರವಾಗುತ್ತದೆ, ಮನುಷ್ಯರದಲ್ಲ. ಬೇರೆ ಬೇರೆ ಕೋನದ ನಾಲ್ಕಾರು ಬೇಕೆಂದು ಹೇಳಿದ್ದೆ. ಕಮಲಾಪುರದ ಮನೆಯಲ್ಲಿ ಮದುವೆಯ ಆಲ್ಬಮ್ ಬಿಟ್ಟರೆ ಆಕೆಯದು ಬೇರೆ ಫೋಟೋ ಇರಲಿಲ್ಲ. ತವರಿಗೆ ಹೇಳಿ ಕಳಿಸಿದರು. ಹಾಗೆ ಒಂದು ಮಧ್ಯಾಹ್ನ ಜಗದೇವಿಯ ತಾಯಿ ಶಾಂತಾಬಾಯಿ ಪ್ಲಾಸ್ಟಿಕ್ ಚೀಲವೊಂದನ್ನು ಎದೆಗವಚಿಕೊಂಡು ನನ್ನ ಮೆಟ್ಟಿಲು ಹತ್ತಿ ಬಂದರು. ಜೇವರ್ಗಿ ಕಾಲೋನಿಯಲ್ಲಿ ಮಗನ ಮನೆಯಲ್ಲಿದ್ದರು. ಮಗ ಒಂದು ಬ್ಯಾಂಕಿನ ನೌಕರ.

ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಕೇಳದಿದ್ದರೂ ಹೇಳತೊಡಗಿದರು. "ಡೆಂಗಿ ಆಗಿತ್ರಿ ಬಾಯೋರ. ಹೊಸ ಮನಿ ಶಾಂತಿ ಇಟ್ಟುಕೊಂಡಿದ್ರು. ಆಕಿಗಿ ಮೈ ಸುಡಾಕತ್ತಿತ್ತು. ಗುಳಿಗಿ ನುಂಗಿ ಮಂದಿಗಿ ಊಟಕ್ಕ ನೀಡಿದಳು. ನಾ ಹೋಗಿದ್ದೆ, ಕೈ ಹಿಡದು ನೋಡಿದೆ. ದವಾಖಾನಿಗಿ ಹೋಗಮು ನಡಿ ಅಂದೆ. ಅವರತ್ತಿ, ಇದೊಂದು ಕಾರ್ಯ ಮುಗೀಲಿ, ಮನಿ ಸೊಸಿ ಇಲ್ದಿದ್ರ ಹ್ಯಾಂಗಂದ್ಲು. ನನ್ನ ಮಗಳೂ ನನಗ ಸುಮ್ಮಕಿರು ಅಂದಳು. ಮುಗಿದ ಮ್ಯಾಲ ಕಲಬುರಗಿಗಿ ತಂದ್ರು. ಡಾಕ್ಟರು ಮೊದಲ ಯಾಕ ತರಲಿಲ್ಲಂತ ನಮಗ ಬೈದ."

ಅವರು ಅಳಲಿಲ್ಲ. ಒಂದೊಂದೇ ಫೋಟೋ ಎತ್ತಿ ಮತ್ತೆ ಕೆಳಗಿಟ್ಟರು. ಒಂದರಲ್ಲೂ ಮಗಳು ಸರಿಯಾಗಿ ಬಿದ್ದಿಲ್ಲ ಎಂದರು. ಆಗ ಆ ಪೆನ್ಸಿಲಿನ ಸ್ಕೆಚ್ಚನ್ನು ಹುಡುಕಿ ಮುಂದಿಟ್ಟೆ. ಬಹಳ ಹೊತ್ತು ನೋಡಿ, ಕೊನೆಗೆ ಎಡಭುಜದ ಮೇಲೆ ಬೆರಳಿಟ್ಟರು. "ಈ ಹೆಗಲು ತಗ್ಗರಿ ಆಕಿದು. ಸಣ್ಣಾಕಿ ಇದ್ದಾಗಿಂದ ಕೊಡ ಹೊತ್ತು ಹೊತ್ತು. ನಿಮಗ ಹ್ಯಾಂಗ ಗೊತ್ತಾತು?" ಸರ, ಡಾಬಿನ ವಿಷಯ ಕೇಳಿದೆ. "ಆಕಿ ಮೈಮ್ಯಾಲ ಗುಂಡಿನ ತಾಳಿ ಬಿಟ್ರ ಏನಿತ್ತು?" ಎಂದರು.

ಕ್ಯಾನ್ವಾಸು ನಾಲ್ಕಡಿ ಎತ್ತರ, ಮೂರಡಿ ಅಗಲ. ತಳಕ್ಕೆ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ ಹಚ್ಚಿ ಅದರ ಮೇಲೆ ಮುಖವನ್ನು ತಂದೆ. ಕಪ್ಪು ಮೈಯನ್ನು ಬಿಡಿಸುವಾಗ ಹೊಸಬರು ಬಿಳಿ ಬೆರೆಸುತ್ತಾರೆ, ಆಗ ಅದು ಬೂದಿ ಬಳಿದ ಹಾಗಾಗುತ್ತದೆ. ತೆಳುವಾದ ಬಣ್ಣವನ್ನು ಪದರ ಪದರವಾಗಿ ಏರಿಸಬೇಕು, ಒಂದು ಒಣಗಿದ ಮೇಲೆ ಇನ್ನೊಂದು. ಇದಕ್ಕೆ ಗ್ಲೇಜಿಂಗ್ ಎನ್ನುತ್ತಾರೆ. ಆಗ ಬೆಳಕು ಚರ್ಮದೊಳಗಿಂದ ಬಂದ ಹಾಗೆ ಕಾಣುತ್ತದೆ. ಕೆಂಗಂದು ಸೀರೆ, ಕೊರಳಲ್ಲಿ ತಾಳಿ, ಹುಬ್ಬಿನಲ್ಲಿ ಆ ಗೆರೆ, ತುಸು ತಗ್ಗಿದ ಎಡಭುಜ. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕುಳಿತು ನೇರವಾಗಿ ನೋಡುತ್ತಿದ್ದಾಳೆ. ನಗುತ್ತಿಲ್ಲ, ಅಳುತ್ತಲೂ ಇಲ್ಲ. ಕೇಳಿದರೆ ಉತ್ತರ ಹೇಳುವವಳಂತೆ ಇದ್ದಾಳೆ. ನನ್ನ ವೃತ್ತಿಯಲ್ಲಿ ಅಷ್ಟು ಸರಿಯಾದ ಹೋಲಿಕೆ ಅದಕ್ಕೂ ಮುಂಚೆ ಬಂದಿರಲಿಲ್ಲ, ಅದರ ನಂತರವೂ ಬಂದಿಲ್ಲ.

ತಾಯಿ, ಮಗ ನೋಡಲು ಬಂದರು. ಗುರುಬಾಯಿ ಒಂದು ಸಲ ನೋಡಿ ತಿರುಗಿದರು. "ಇದೇನ್ರಿ, ಕೂಲಿ ಹೆಣ್ಣಮಗಳಾಂಗ ಮಾಡೀರಿ! ನಾ ಹೇಳಿದ್ದು ಒಂದೂ ಇಲ್ಲ."

ಮಲ್ಲಿಕಾರ್ಜುನ ಮಾತ್ರ ಚಿತ್ರದ ಮುಂದೆ ನಿಂತೇ ಇದ್ದ. ಹತ್ತಿರ ಹೋದ, ಹಿಂದೆ ಸರಿದ. "ಇಕಿ ಆಕಿನ ಅದಾಳವ್ವ," ಎಂದ ಮೆಲ್ಲಗೆ.

"ಹಂಗಾದ್ರ ಒಯ್ಯಿರಿ," ಎಂದೆ. "ಒಡವೆ ಇಲ್ಲದಿದ್ದರೆ ಏನಾಯಿತು?"

ಅವನು ನನ್ನ ಕಡೆ ನೋಡಲಿಲ್ಲ. "ಒಯ್ದು ಎಲ್ಲಿ ಹಾಕಲ್ರಿ ಮೇಡಂ? ಅಲ್ಲೇ ಉಣಬೇಕು, ಅಲ್ಲೇ ಟಿವಿ ನೋಡಬೇಕು. ಇಕಿ ಹಿಂಗ ನೋಡಕೋತ ಕೂತ್ರ ನಾ ಆ ಮನ್ಯಾಗ ಹ್ಯಾಂಗ ಇರ್ಲಿ?"

ಅವನು ಕೆಟ್ಟವನೆಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಅವನಿಗೆ ಗೊತ್ತಿತ್ತು, ಅಷ್ಟೇ. ಗೊತ್ತಿದ್ದೂ ಅವತ್ತು ಜ್ವರದ ಮೈಯನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೊರಡಲಿಲ್ಲ, ಈ ಸಲ ಚಿತ್ರವನ್ನೂ ಒಯ್ಯಲಿಲ್ಲ. ತಾಯಿಯ ಹಿಂದೆ ಮೆಟ್ಟಿಲಿಳಿದು ಹೋದ. ಅವರು ಕೊಟ್ಟಿದ್ದ ಮುಂಗಡವನ್ನು ಆ ದಿನವೇ ವಾಪಸು ಕಳಿಸಿದೆ.

ಕೆಲವು ದಿನ ಕಳೆದ ಮೇಲೆ ಖಾಜಾಭಾಯಿ ಕೆಳಗಿನಿಂದ ಕೂಗಿ ಕರೆದರು. ಅವರ ಮೇಜಿನ ಮೇಲೆ ಒಂದು ಪ್ರಿಂಟು ಹಾಸಿತ್ತು. ಈಗ ಕಂಪ್ಯೂಟರಿನಲ್ಲಿ ಮುಖ ತಿದ್ದಿ ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸಿ ಕೊಡುತ್ತಾರೆ, ಮೇಲೆ ಪಾರದರ್ಶಕ ಅಂಟು ಬಳಿದು ಬ್ರಶ್ಶಿನ ಗೆರೆ ಎಬ್ಬಿಸುತ್ತಾರೆ. ದೂರದಿಂದ ತೈಲಚಿತ್ರದಂತೆಯೇ ಕಾಣುತ್ತದೆ. ಮದುವೆಯ ಫೋಟೋದಿಂದ ತೆಗೆದ ಮುಖ, ಅದಕ್ಕೆ ಗೋಧಿಬಣ್ಣ, ಹುಬ್ಬು ನೆಟ್ಟಗೆ, ಎರಡೂ ಭುಜ ಸಮ. ಎರಡೆಳೆ ಸರ, ಡಾಬು, ಬಳೆ. ತುಟಿಗಳನ್ನು ಎರಡೂ ಕಡೆ ಎಳೆದು ನಗಿಸಿದ್ದರು. ಹಲ್ಲು ಯಾರದೋ.

"ಆಪಾ, ಕಮಲಾಪುರದವರು ತಂದು ಕೊಟ್ಟಾರ," ಎಂದರು ಖಾಜಾಭಾಯಿ. "ನೀವು ಹೂಂ ಅಂದ್ರ ವಾಪಸ್ ಕೊಟ್ಟುಬಿಡ್ತೀನಿ. ನನ್ನ ದಿಲ್ ಒಪ್ಪವಲ್ದು."

"ನೀವು ಬಿಟ್ಟರೆ ಪಕ್ಕದವರು ಹಾಕಿಕೊಡುತ್ತಾರೆ," ಎಂದೆ. ಅವರು ಬಂಗಾರದ ಬಣ್ಣದ ಅಗಲ ಫ್ರೇಮು ಹಾಕಿದರು. ಕಮಲಾಪುರದವರು ಅದನ್ನೇ ಕೇಳಿದ್ದರು. ಬೀದರಿನವರು ಬಂದು ನೋಡಿ ಹೋದರು, ಮೆಚ್ಚಿಕೊಂಡರು. ಮದುವೆಯೂ ಆಯಿತು. ಇದನ್ನು ನನಗೆ ಹೇಳಿದವರು ಶಾಂತಾಬಾಯಿ.

ನಾನು ಬಿಡಿಸಿದ ಚಿತ್ರವನ್ನು ಅವರು ಆಗಲೇ ನೋಡಿದ್ದರು. ಗಂಡನ ಮನೆಯವರು ಬೇಡವೆಂದು ಬಿಟ್ಟುಹೋಗಿದ್ದಾರೆಂದು ಫೋನು ಮಾಡಿ ನಾನೇ ಕರೆದಿದ್ದೆ. ಬಂದವರು ಚಿತ್ರದ ಎದುರು ನೆಲದ ಮೇಲೆಯೇ ಕುಳಿತರು. ಕುರ್ಚಿ ಕೊಟ್ಟರೆ ಬೇಡವೆಂದರು. ಚಹಾ ಆರಿಹೋಯಿತು. ಏಳುವಾಗ, "ನಾಳಿ ಮಗನ್ನ ಕರಕೊಂಡು ಬರ್ತೀನಿ, ಒಯ್ತೀನಿ," ಎಂದರು. ನನಗೂ ಸಮಾಧಾನವಾಯಿತು. ಗಂಡನ ಮನೆಯಲ್ಲಿ ಆಗದ್ದು ತವರಿನಲ್ಲಿ ಆಗುತ್ತದೆ ಅಂದುಕೊಂಡೆ.

ಮರುದಿನ ಬಂದದ್ದು ಮಗನ ಫೋನು. ಸಭ್ಯವಾಗಿಯೇ ಮಾತಾಡಿದ. "ಮೇಡಂ, ದಯಮಾಡಿ ಕಳಿಸಬ್ಯಾಡ್ರಿ. ನನ್ನ ಮಿಸೆಸ್ ಹೊಟ್ಟಿಲಿಂದ ಅದಾಳ. ಸತ್ತವರದು ಅಷ್ಟು ದೊಡ್ಡದು, ಜೀವ ಇದ್ದಂಗ ಮನ್ಯಾಗಿದ್ರ ಆಕಿ ಅಂಜತಾಳ. ಸಣ್ಣ ಫೋಟೋ ಒಂದು ದೇವರ ಕೋಣ್ಯಾಗ ಅದ, ಸಾಕು. ಅವ್ವ ಹಿಂಗ ಒಂದ ಸಮನ ಅದನ್ನ ನೋಡಕೋತ ಕೂತ್ರ ತನ್ನ ತಬೇತೂ ಕೆಡಸ್ಕೋತಾಳ."

ಅವನ ಮಾತಿನಲ್ಲೂ ತಪ್ಪು ಹುಡುಕುವುದು ಕಷ್ಟ. ನನ್ನ ಉದ್ಯೋಗದಲ್ಲಿ ನಾನು ಕಂಡ ಅತ್ಯಂತ ಕಹಿಯಾದ ಸಂಗತಿ ಇದು. ಪ್ರತಿಯೊಬ್ಬರ ಕಾರಣವೂ ಸರಿಯಾಗಿಯೇ ಇರುತ್ತದೆ. ಎಲ್ಲ ಸರಿಯಾದ ಕಾರಣಗಳ ಕೊನೆಗೆ ಒಬ್ಬಳಿಗೆ ನಿಲ್ಲಲು ಜಾಗವಿರುವುದಿಲ್ಲ.

ಚಿತ್ರ ನನ್ನ ಸ್ಟುಡಿಯೋದಲ್ಲೇ ಉಳಿಯಿತು. ಶಾಂತಾಬಾಯಿ ತರಕಾರಿಗೆಂದು ಹೊರಟಾಗ ಆಟೋ ಹಿಡಿದು ಬರುತ್ತಿದ್ದರು. ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದರು. ಒಮ್ಮೆ ಬಂದವರು ಚಿತ್ರದ ಕಡೆ ನೋಡದೆ ನನ್ನ ಹತ್ತಿರ ಬಂದು ನಿಂತರು.

"ಬಾಯೋರ, ಇಕಿನ್ನ ಯಾರಿಗಾರೆ ಕೊಟ್ಟುಬಿಡ್ರಿ."

"ಯಾರಿಗೆ ಕೊಡಲಿ ಅಕ್ಕಾ? ನಿಮ್ಮ ಮಗಳು."

"ನಿಮ್ಮ ಹತ್ರ ಮಂದಿ ಬರ್ತಾರಲ್ಲ, ಮನಿಗಿ ಚಿತ್ರ ಆರಸಾಕ. ಯಾರಾರೆ ಮನಸಿಟ್ಟು ಆರಿಸಿದ್ರ ಕೊಡ್ರಿ. ಹೆಸರು ಹೇಳಬ್ಯಾಡ್ರಿ. ಎಲ್ಲ್ಯಾರೆ ಒಂದು ಗ್ವಾಡಿ ಮ್ಯಾಲ ಇರ್ಲಿ. ಇಲ್ಲಿ ಹಿಂಗ ಗಿರಾಕಿ ಬರೋ ಜಾಗಾದಾಗ, ಯಾರೂ ಒಯ್ಯಲಾರ್ದಂಗ ಕೂತಿದ್ದು ನನಗ ನೋಡಾಕ ಆಗವಲ್ದು."

ಹೀಗೆ ಜಗದೇವಿ ಮಾರಾಟದ ಕೋಣೆಯ ಗೋಡೆಗೆ ಬಂದಳು. ಒಬ್ಬ ಪ್ರಾಧ್ಯಾಪಕ ದಂಪತಿ ಬಹಳ ಮೆಚ್ಚಿದರು. ಬೆಳಕನ್ನು ಹೊಗಳಿದರು, ಮೈಬಣ್ಣ ತಂದ ರೀತಿಯನ್ನು ಹೊಗಳಿದರು. ಹೆಂಡತಿ ಕೇಳಿದರು: "ಇವರು ಯಾರು? ಇದಾರಾ?" ಇಲ್ಲ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮತ್ತೆ ಬರುತ್ತೇವೆಂದು ಹೋದವರು ಬರಲಿಲ್ಲ.

ಆಮೇಲೆ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಮನೆ ಮಾಡಿದ್ದ ಒಂದು ಎಳೆಯ ಜೋಡಿ ಬಂತು. ಇಬ್ಬರಿಗೂ ನೌಕರಿ, ನಗುಮುಖದ ಒಳ್ಳೆಯ ಮಕ್ಕಳು. ಹುಡುಗಿ ಮೊಬೈಲಿನಲ್ಲಿ ತಮ್ಮ ಹಾಲಿನ ಫೋಟೋ ತೆರೆದು, ಚಿತ್ರದ ಪಕ್ಕ ಹಿಡಿದು ನೋಡಿದಳು. "ಸೀರಿ ಬಣ್ಣ ನೋಡು, ನಮ್ಮ ಪರದಾಕ್ಕ ಕರೆಕ್ಟ್ ಮ್ಯಾಚ್!" ಎಂದಳು ಗಂಡನಿಗೆ. ಅವನು ಟೇಪು ಹಿಡಿದು ಅಗಲ ಅಳೆದ. ಸೋಫಾದ ಮೇಲೆ ಸರಿಯಾಗಿ ಕೂಡುತ್ತದೆಂದ. ಚಿತ್ರದಲ್ಲಿರುವವರು ಯಾರೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಹೇಳುವ ಮಾತು ಬಾಯಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಅವರು ಫ್ರೇಮು ನೋಡಲು ಇಳಿದಿದ್ದರು.

ನಾನೇ ಹೋಗಿ ಗೋಡೆಗೆ ಹಾಕಿಕೊಟ್ಟೆ. ಕಣ್ಣಿನ ಮಟ್ಟ ನೋಡಿ, ಬಿಸಿಲು ತಾಗದಂತೆ ಒಂದು ಗೇಣು ಬಲಕ್ಕೆ ಸರಿಸಿ ಮೊಳೆ ಹೊಡೆಸಿದೆ. ಕೆಂಗಂದು ಪರದೆಯ ಪಕ್ಕ ಆಕೆ ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದಳು.

ಶಾಂತಾಬಾಯಿ ಮುಂದಿನ ಸಲ ಬಂದಾಗ ಬರಿದಾದ ಗೋಡೆಯನ್ನು ನೋಡಿ ಬಾಗಿಲಲ್ಲೇ ನಿಂತರು.

"ಹೋದಳೇನ್ರಿ?"

"ಹೋದಳು."

"ಮಂದಿ ಚೊಲೊ ಅದಾರೇನ್ರಿ?"

"ಚೊಲೊ ಅದಾರ ಅಕ್ಕಾ."

"ಮನಸಿಟ್ಟು ಆರಿಸಿದ್ರೇನ್ರಿ?"

ಹೌದೆಂದೆ. ಅವರು ತಲೆಯಾಡಿಸಿದರು, ಸೆರಗು ಸರಿಮಾಡಿಕೊಂಡರು, ಒಳಗೆ ಬರದೆಯೇ ಮೆಟ್ಟಿಲಿಳಿದರು. ಆಮೇಲೆ ಅವರು ನನ್ನ ಸ್ಟುಡಿಯೋಕ್ಕೆ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ.

ಸೇವೆಯಲ್ಲಿದ್ದಷ್ಟು ಕಾಲವೂ ಮಕ್ಕಳಿಗೆ ಒಂದೇ ಮಾತು ಹೇಳುತ್ತಿದ್ದೆ. ಮುಖ ಹೋಲಬೇಕು, ಹೋಲಿದರೆ ಚಿತ್ರ ಗೆದ್ದಂತೆ. ಅದನ್ನು ಈಗ ಅಷ್ಟು ಧೈರ್ಯದಿಂದ ಹೇಳಲಾರೆ. ಹೋಲಿಕೆ ತಪ್ಪಿದ ಚಿತ್ರವನ್ನು ಬೇಡವೆಂದವರು ನನಗೆ ಕಡಿಮೆ ಸಿಕ್ಕಿದ್ದಾರೆ, ಸರಿಯಾಗಿ ಹೋಲಿದ್ದನ್ನು ಬೇಡವೆಂದವರೇ ಹೆಚ್ಚು. ನಮ್ಮ ಮನೆಯವಳು ಇದ್ದ ಹಾಗೆ ನಮ್ಮ ಗೋಡೆಯ ಮೇಲಿರುವುದನ್ನು ನಾವು ತಾಳಲಾರೆವು. ಅಂಥವಳನ್ನು ತಾಳುವವರು ಆಕೆ ಯಾರೆಂದು ಗೊತ್ತಿಲ್ಲದವರು ಮಾತ್ರ. ಈಗಲೂ ಗಿರಾಕಿಗಳು ಬಂದು, ಹಾಲಿಗೆ ಒಂದು ಹೆಣ್ಣಿನ ಚಿತ್ರ ಬೇಕು ಅನ್ನುತ್ತಾರೆ. ನಾನು ಗೋಡೆಯ ಅಳತೆ ಕೇಳುತ್ತೇನೆ, ಬೆಳಕು ಯಾವ ಕಡೆಯದೆಂದು ಕೇಳುತ್ತೇನೆ. ಎದುರಿಗೆ ಯಾರು ಕೂಡುತ್ತಾರೆಂದು ಕೇಳುವುದನ್ನು ಬಿಟ್ಟಿದ್ದೇನೆ.